ಕೇದಗೆ ನೆನೆಹಾಕುವುದು ಯಾವ ಕಟ್ಟೆಗೆ

ಕೆಲೆಪಿಯೂ ಅವನ ಅಕ್ಕ ಹೀನಾಳೂ ಒಂದೇ ಕೋಣೆಯಲ್ಲಿ ಕೂತು ಮನಸಾರೆ ಮಾತಾಡಿದ್ದು ಅವನಿಗೆ ಮೀಸೆ ಚಿಗುರುವವರೆಗೆ ಮಾತ್ರ. ಆಮೇಲೆ ನಮ್ಮ ದ್ವೀಪದ ಎಲ್ಲ ಹುಡುಗರ ಹಾಗೆ ಅವನೂ ಚಾಪೆ ಸುತ್ತಿಕೊಂಡು ಹುಡುಗರು ಮಲಗುವ ಗುಡಿಸಲಿಗೆ ಹೋದ. ಅಲ್ಲಿಂದಾಚೆ ಅಕ್ಕ ಒಳಗೆ ಬಂದರೆ ತಮ್ಮ ಎದ್ದು ಹೊರಗೆ ನಡೆಯುವುದು. ಅಕ್ಕನ ಕಿವಿಗೆ ಬೀಳುವಲ್ಲಿ ಪೋಲಿ ಮಾತಿಲ್ಲ, ಮದುವೆಯ ತಮಾಷೆಯಿಲ್ಲ, ಮೈಯ ಸುದ್ದಿಯಂತೂ ಇಲ್ಲವೇ ಇಲ್ಲ. ಹಾಗಂತ ಅದು ಮುನಿಸಲ್ಲ, ಮರ್ಯಾದೆ. ಹೊಲದ ಮೊದಲ ಹೆಗ್ಗೆಣಸು ಅಕ್ಕನ ಮನೆಗೇ ಹೋಗಬೇಕು. ಹಂದಿ ಸುಟ್ಟರೆ ಒಳ್ಳೆಯ ತುಂಡು ಅವಳಿಗೇ. ತಮ್ಮನಾದವನು ಏನೇ ದೊಡ್ಡ ಮನುಷ್ಯನಾಗಲಿ, ಅಕ್ಕನಿಗಿಂತ ಒಂದು ಮೆಟ್ಟಿಲು ಕೆಳಗೆ.

ಟೋಂಗಾ ಬಿಟ್ಟು ಆಕ್ಲೆಂಡಿಗೆ ಬಂದ ಮೇಲೂ ಅದೇನೂ ಬದಲಾಗಲಿಲ್ಲ. ಇಬ್ಬರೂ ಅಲ್ಲಿನ ಮಾಂಗೆರೆ ಬಡಾವಣೆಯಲ್ಲೇ ಮನೆ ಮಾಡಿದರು, ನಡುವೆ ಒಂದು ಬೀದಿ, ಒಂದು ಚರ್ಚು. ಕೆಲೆಪಿ ವಿಮಾನ ನಿಲ್ದಾಣದಲ್ಲಿ ಜನರ ಪೆಟ್ಟಿಗೆಗಳನ್ನು ಎತ್ತಿ ಹಾಕುವ ಕೆಲಸಕ್ಕೆ ಸೇರಿ, ಭುಜ ಕೈಕೊಡುವವರೆಗೂ ಎತ್ತಿದ. ಕೆಲಸ ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಕೂತ. ಮನೆಯಲ್ಲಿ ಅವನು ಮತ್ತು ಹೆಂಡತಿ ಫುಸಿ, ಇಬ್ಬರೇ. ಮಕ್ಕಳಿರಲಿಲ್ಲ.

ಆ ಕಂಪ್ಯೂಟರಿನಲ್ಲೇ ಕಟ್ಟೆ, ಅಂದರೆ ಊರಿನವರು ಸೇರಿ ಮಾತಾಡುವ ಒಂದು ಜಾಲತಾಣ, ಶುರುವಾದದ್ದು. ದ್ವೀಪದ ಜನ ಆಕ್ಲೆಂಡು, ಸಿಡ್ನಿ, ಅಮೆರಿಕ ಅಂತ ಚದುರಿಹೋಗಿದ್ದರು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನೆಲದ ಒಲೆಗೆ ಈ ಊರಿನ ಯಾವ ಕಲ್ಲು ಸಿಡಿಯದೆ ಇರುತ್ತದೆ? ಈ ಚಳಿಯಲ್ಲಿ ಕೆಸುವಿನ ಗಡ್ಡೆ ಕೊಳೆಯದ ಹಾಗೆ ಹೇಗೆ ಬೆಳೆಯುವುದು? ಯಾರಾದರೂ ಪ್ರಶ್ನೆ ಹಾಕುವುದು, ಬಲ್ಲವರು ಉತ್ತರ ಬರೆಯುವುದು, ಒಳ್ಳೆಯ ಉತ್ತರವನ್ನು ಜನ ಮೇಲೆತ್ತುವುದು. ಮೊದಮೊದಲು ಒಂದೇ ಕಟ್ಟೆ, ಗಂಡು ಹೆಣ್ಣು ಎಲ್ಲ ಅಲ್ಲೇ.

ಅದು ಒಡೆದದ್ದು ಒಬ್ಬ ಬಾಣಂತಿಯ ಪ್ರಶ್ನೆಯಿಂದ. ಪಾಪ, ಸಿಡ್ನಿಯ ಹುಡುಗಿ. ಎದೆಹಾಲು ಕಟ್ಟಿಕೊಂಡಿದೆ, ಏನು ಮಾಡಲಿ ಅಂತ ಕೇಳಿದಳು. ಕಟ್ಟೆಯ ಮೇಲೆ ಬೆಂಕಿ ಬಿದ್ದಂತಾಯಿತು.

"ನನ್ ತಂಗಿ ಓದೋ ಜಾಗದಲ್ಲಿ ಇದೇನಯ್ಯಾ ಇದು! ನಾನ್ ಓದ್ತಿದೀನಿ ಅಂತ ಅವ್ಳಿಗೆ ಗೊತ್ತು, ಅವ್ಳ್ ಓದ್ತಿದಾಳೆ ಅಂತ ನಂಗೊತ್ತು. ಭಾನುವಾರ ಚರ್ಚಲ್ಲಿ ಮುಖ ಎಲ್ಲಿಡ್ಲಿ?"

"ಮುಖಾನ ಮನೇಲೇ ಬಿಟ್ಟು ಬಾ," ಅಂತ ಇನ್ನೊಬ್ಬ ಬರೆದ. ಆದರೂ ಅವನೂ ಮಾರನೆಯ ದಿನ ಕಟ್ಟೆಯಿಂದ ಎದ್ದುಹೋದ. ಹತ್ತಾರು ಜನ ಎದ್ದುಹೋದರು.

ಆಗ ಎರಡು ಮಾಡಿದರು. ತೋಟದ ಕಟ್ಟೆ ಗಂಡಸರದು: ಗಿಡ, ಹಂದಿ, ದೋಣಿ, ಒಲೆ, ಮನೆಯ ಸೂರು. ಚಾಪೆಯ ಕಟ್ಟೆ ಹೆಂಗಸರದು: ಹೆಣಿಗೆ, ತೊಗಟೆ ಬಟ್ಟೆ, ಬಾಣಂತನ, ಮಕ್ಕಳು, ಮೈ. ತೋಟದ ಕಟ್ಟೆ ನೋಡಿಕೊಳ್ಳುವವನು ಕೆಲೆಪಿ. ಚಾಪೆಯ ಕಟ್ಟೆಗೆ ಹೀನಾ. ಅವಳಷ್ಟು ನಯವಾಗಿ ಚಾಪೆ ಹೆಣೆಯುವವರು ಮಾಂಗೆರೆಯಲ್ಲಿ ಬೇರೆ ಇರಲಿಲ್ಲ, ಹೆಂಗಸರೆಲ್ಲ ಅವಳನ್ನೇ ಕೇಳುತ್ತಿದ್ದರು. ಒಂದು ಕಡೆಯವರು ಇನ್ನೊಂದು ಕಡೆಗೆ ಇಣುಕಬಾರದು ಅಂತ ಮಾತಾಯಿತು. ಎರಡರ ನಡುವೆ ಒಂದೇ ಒಂದು ಗಡಿ ಪುಟ. ಯಾವ ವಿಷಯ ಯಾವ ಕಟ್ಟೆಗೆ ಅಂತ ಅನುಮಾನ ಬಂದರೆ ಆ ಪುಟದಲ್ಲಿ ಇಬ್ಬರೂ ಬರೆದು ತೀರ್ಮಾನ ಮಾಡುವುದು.

ಆ ಪುಟದಲ್ಲಿ ಅಕ್ಕ-ತಮ್ಮ ಒಬ್ಬರನ್ನೊಬ್ಬರು ಹೆಸರು ಹಿಡಿದು ಬರೆದದ್ದೇ ಇಲ್ಲ.

"ತೋಟದ ಕಟ್ಟೆಯವರ ಗಮನಕ್ಕೆ," ಅಂತ ಹೀನಾ ಬರೆಯುವಳು. "ಕೇದಗೆ ಗಿಡ ನೆಡುವುದು ನಿಮಗೆ ಸೇರಿದ್ದು. ಚಾಪೆಗೆಂದು ಎಲೆ ಕೊಯ್ದ ಮೇಲೆ ನಮ್ಮದು."

"ಚಾಪೆಯ ಕಟ್ಟೆಯವರಿಗೆ. ಕೊಯ್ದ ಎಲೆಯನ್ನು ಸಮುದ್ರದಲ್ಲಿ ನೆನೆಹಾಕುವಾಗ ಮೇಲೆ ಹೇರುವ ಕಲ್ಲು ಹೊರುವವರು ಗಂಡಸರು. ಆದ್ದರಿಂದ ನೆನೆಹಾಕುವುದು ನಮ್ಮ ಕಟ್ಟೆಗೆ ಬರಬೇಕು."

"ಕಲ್ಲು ಹೊತ್ತ ಗಂಡಸು ಆ ಎಲೆಯನ್ನು ಎಂದಾದರೂ ನೆನಪಿಟ್ಟು ವಾಪಸು ತಂದದ್ದುಂಟೇ? ತರುವವರು ನಾವು. ನಮ್ಮದು."

ಫುಸಿ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೊಟ್ಲು ನೋಡು ನಿಮ್ಮಕ್ಕ! ಏನ್ ಉತ್ತರ ಕೊಡ್ತೀಯ ಈಗ?"

"ಯೋಚನೆ ಮಾಡ್ಬೇಕು," ಅಂದ ಕೆಲೆಪಿ, ಮುಖ ಗಂಟು ಹಾಕಿಕೊಂಡು. ಆದರೆ ಒಳಗೊಳಗೆ ಅವನಿಗೆ ಹಬ್ಬ. ಆ ಕೇದಗೆಯ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲೂ ಇಲ್ಲ. ಮುಗಿದರೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ ಎಂಬ ಅಂಜಿಕೆ ಅವನಿಗೆ. ಅವಳಿಗೂ ಇತ್ತೇನೋ. ಗುಡಿಸಲಿಗೆ ಹೋದ ಮೇಲೆ ಅಕ್ಕ ಅವನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಇನ್ನೊಂದು ಏರ್ಪಾಡಿತ್ತು. ದಾರಿ ತಪ್ಪಿದ ಹೆಂಗಸು ಯಾರಾದರೂ ಮೈಯ ಪ್ರಶ್ನೆಯನ್ನು ತೋಟದ ಕಟ್ಟೆಗೆ ಹಾಕಿಬಿಟ್ಟರೆ ಅದನ್ನು ಆ ಕಡೆಗೆ ಸಾಗಿಸಬೇಕು. ಸಾಗಿಸಿದವರ ಹೆಸರು ಪ್ರಶ್ನೆಯ ಕೆಳಗೆ ಬೀಳುತ್ತದೆ. ಅಕ್ಕನ ಕಣ್ಣಿಗೆ ಬೀಳುವಲ್ಲಿ, ಹೆಂಗಸಿನ ಮೈಯ ಮಾತಿನ ಕೆಳಗೆ, ತಮ್ಮನ ಹೆಸರು! ಅದು ಆಗದ ಮಾತು. ಹಾಗಾಗಿ ಅಂಥದ್ದು ಬಂದಾಗ ಕೆಲೆಪಿ ಕುರ್ಚಿ ಬಿಟ್ಟೇಳುವನು. "ಫುಸೀ, ನಿಮ್ ಕಡೇದು ಬಂದಿದೆ ನೋಡು," ಅಂತ ಕೂಗಿ ಹೊರಗೆ ಹೋಗಿ ಬಾಳೆಗೆ ನೀರು ಬಿಡುವನು. ಫುಸಿ ಕೈ ಒರೆಸಿಕೊಂಡು ಬಂದು, ಓದಿ, ತನ್ನ ಹೆಸರಿನಲ್ಲಿ ಆ ಕಡೆಗೆ ಕಳಿಸುವಳು. ಸುಮ್ಮನೆ ಕಳಿಸುತ್ತಿರಲಿಲ್ಲ. ಕೇಳಿದವಳಿಗೆ ಒಂದು ಸಮಾಧಾನದ ಮಾತು ಬರೆದೇ ಕಳಿಸುವಳು.

ಫುಸಿಯನ್ನು ಸಕ್ಕರೆ ಕಾಯಿಲೆ ತಿಂದುಹಾಕಿತು. ಅವಳು ಹೋದ ಮೇಲೆ ಅಂಥ ಪ್ರಶ್ನೆಗಳನ್ನು ಏನು ಮಾಡಬೇಕೆಂದು ಕೆಲೆಪಿಗೆ ತೋಚಲಿಲ್ಲ. ಬೇರೆ ಹೆಂಗಸನ್ನು ಕರೆದು ಗ್ಯಾರೇಜಿನಲ್ಲಿ ಕೂರಿಸಿಕೊಳ್ಳಲು ಆಗುತ್ತದೆಯೇ? ಕಡೆಗೆ ಫುಸಿಯ ಹೆಸರಿನಲ್ಲಿ ತಾನೇ ಒಳಹೊಕ್ಕು ಸಾಗಿಸತೊಡಗಿದ. ಓದುತ್ತಿರಲಿಲ್ಲ. ಮೊದಲ ಸಾಲಿನಲ್ಲೇ ವಾಸನೆ ಹಿಡಿದು, ಎಡಗೈಯನ್ನು ಪರದೆಯ ಮೇಲೆ ಅಗಲಿಸಿ ಮುಚ್ಚಿ, ಮುಖ ತಿರುಗಿಸಿ, ಬಲಗೈಯಲ್ಲಿ ಒತ್ತಿಬಿಡುವನು. ಸತ್ತವಳ ಹೆಸರು ಕೆಳಗೆ ಬೀಳುವುದು. ಹೀನಾ ಅದನ್ನು ನೋಡಿರಲೇಬೇಕು, ಯಾರ ಕೈ ಅಂತ ಗೊತ್ತಾಗಿರಲೇಬೇಕು. ಆದರೆ ಅವಳು ಗಡಿ ಪುಟದಲ್ಲಿ ಅದರ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ತೋಟದ ಕಟ್ಟೆಗೆ ಒಂದು ಪ್ರಶ್ನೆ ಬಂತು. ಹಾಕಿದವರ ಹೆಸರು 'ಹಳೆ ಚಾಪೆ', ಯಾರೋ ಹೊಸಬರು. ತಲೆಬರಹ, 'ಹಂದಿ ಡಾಕ್ಟರಿಗೆ ಒಂದು ಮಾತು'.

ಹಂದಿ ಡಾಕ್ಟರು ಅಂದರೆ ಸಾಮಿಯು. ಹಂದಿಗೆ ಡಾಕ್ಟರಲ್ಲ ಅವನು, ಮನುಷ್ಯರ ಡಾಕ್ಟರೇ. ದ್ವೀಪದ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ಇದ್ದು, ಈಗ ಅಲ್ಲೇ ಹಂದಿ ಸಾಕಿಕೊಂಡಿದ್ದ. ಕಟ್ಟೆಗೆ ಬಂದರೆ ಹಂದಿಯ ಮಾತು ಬಿಟ್ಟು ಬೇರೆಯದಿಲ್ಲ, ಅದಕ್ಕೇ ಆ ಹೆಸರು. ದ್ವೀಪದಲ್ಲಿ ಭಾನುವಾರ ದೇವರ ದಿನ, ಯಾರೂ ಯಾವ ಕೆಲಸವನ್ನೂ ಮುಟ್ಟುವಂತಿಲ್ಲ, ಹಾಗಾಗಿ ವಾರದ ಕೊನೆಗೆ ಬಂದದ್ದನ್ನು ಅವನು ನೋಡುವುದು ಸೋಮವಾರ.

ಕೆಲೆಪಿ ಹಂದಿಯ ಮಾತೇ ಇರಬೇಕೆಂದು ತೆರೆದ. 'ನಾನೊಬ್ಬ ಹೆಂಗಸು, ವಯಸ್ಸಾದವಳು. ಎಡ ಎದೆಯಲ್ಲಿ' ಅನ್ನುವಷ್ಟು ಕಣ್ಣಿಗೆ ಬಿತ್ತು. ಬೆಂಕಿ ಮುಟ್ಟಿದಂತೆ ಹಿಂದೆ ಸರಿದ. ಎಡಗೈ ತಾನಾಗಿ ಪರದೆಯ ಮೇಲೆ ಹೋಯಿತು. ದ್ವೀಪದ ಹೆಂಗಸರೆಲ್ಲ ಒಂದಲ್ಲ ಒಂದು ಕಡೆಯಿಂದ ಅಕ್ಕತಂಗಿಯರೇ ಆಗಬೇಕು, ಯಾರದಾದರೇನು? ಮುಖ ತಿರುಗಿಸಿದ. ಫುಸಿಯ ಹೆಸರಿನಲ್ಲಿ ಒತ್ತಿದ. ಪ್ರಶ್ನೆ ಆ ಕಡೆಗೆ ಹೋಯಿತು. ಕೈ ತೆಗೆದು ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಎದ್ದು ಬಾಳೆಗೆ ನೀರು ಬಿಡಲು ಹೋದ.

ಆ ವಾರದಿಂದ ಹೀನಾ ಬರೆಯುವುದು ನಿಂತಿತು.

ಮೊದಲು ಅವನಿಗೆ ಅದು ತಿಳಿಯಲಿಲ್ಲ. ತಿಳಿದ ಮೇಲೆ ಕೇದಗೆಯ ವ್ಯಾಜ್ಯವನ್ನು ಕೆದಕಿ ನೋಡಿದ. "ಚಾಪೆಯ ಕಟ್ಟೆಯವರಿಗೆ. ಈಗ ಸಮುದ್ರವಿಲ್ಲದವರು ಡ್ರಮ್ಮಿನಲ್ಲಿ ಉಪ್ಪುನೀರು ಮಾಡಿ ನೆನೆಹಾಕುತ್ತಿದ್ದಾರೆ. ಡ್ರಮ್ಮು ಗಂಡಸರದು." ಇದಕ್ಕೆ ಅವಳು ಸುಮ್ಮನಿರುವವಳಲ್ಲ. ಸುಮ್ಮನಿದ್ದಳು. ಚರ್ಚಿನಲ್ಲಿ ಹೆಂಗಸರ ಕಡೆ ದೂರದಿಂದ ಕಂಡಳು, ಹಾಡುವಾಗ ತಲೆ ತಗ್ಗಿಸಿದ್ದಳು. ಆಮೇಲೆ ಚರ್ಚಿಗೂ ಬರಲಿಲ್ಲ.

ಅವನು ಹೆಗ್ಗೆಣಸು ಬೇಯಿಸಿ, ದೊಡ್ಡ ಪಾತ್ರೆಯಲ್ಲಿ ತುಂಬಿ, ಅಕ್ಕನ ಮನೆಯ ಜಗಲಿಯ ಮೇಲಿಟ್ಟು ಬಂದ. ಪಾತ್ರೆ ವಾಪಸು ಬರುವಾಗ ಅದರಲ್ಲಿ ಏನಾದರೂ ಇರಬೇಕು, ಕೆಸುವಿನ ಎಲೆಯ ಪೊಟ್ಟಣವೋ, ನಾಲ್ಕು ಕಿತ್ತಳೆಯೋ. ಅಷ್ಟು ವರ್ಷದಲ್ಲಿ ಅದು ಬರಿದಾಗಿ ಬಂದದ್ದಿಲ್ಲ. ಈ ಸಲ ಗೇಟಿನ ಹತ್ತಿರ ಬೋರಲು ಹಾಕಿಟ್ಟಿತ್ತು. ಎತ್ತಿ ನೋಡಿದ. ಫಳಫಳ ತೊಳೆದ ಬರೀ ಪಾತ್ರೆ.

ತಾನು ಏನು ತಪ್ಪು ಮಾಡಿದೆ? ಕೇಳೋಣವೆಂದರೆ ಯಾರನ್ನು ಕೇಳುವುದು? ಫುಸಿ ಇದ್ದಿದ್ದರೆ ಒಂದು ಗಳಿಗೆಯಲ್ಲಿ ಹೋಗಿ ತಿಳಿದುಕೊಂಡು ಬರುತ್ತಿದ್ದಳು.

ಹೀನಾಳ ಮಗಳು ಲೋಸಾ ಬಂದದ್ದು ಇನ್ನೂ ಎಷ್ಟೋ ದಿನದ ಮೇಲೆ. ಸೋದರಮಾವನ ಮನೆಯೆಂದರೆ ನಮ್ಮಲ್ಲಿ ಸೋದರ ಸೊಸೆಯಂದಿರನ್ನು ಕೇಳುವವರಿಲ್ಲ, ಬೇಕಾದ್ದು ಎತ್ತಿಕೊಂಡು ಹೋಗಬಹುದು. ಲೋಸಾ ಚಿಕ್ಕವಳಿದ್ದಾಗ ಮಾವನ ತಟ್ಟೆಯಿಂದ ಮಾಂಸ ಎತ್ತಿ ತಿಂದವಳು, ದೊಡ್ಡವಳಾಗಿ ಅವನ ಕಾರನ್ನೇ ಎರಡು ವರ್ಷ ಓಡಿಸಿದವಳು. ಬಂದವಳೇ ಗ್ಯಾರೇಜಿನಲ್ಲಿ ಇದ್ದ ಒಂದೇ ಕುರ್ಚಿಯನ್ನು ಎಳೆದುಕೊಂಡು ಕೂತಳು.

"ಏನ್ ಮಾಮ, ಈ ಜಾಕೆಟ್ಟು ಇನ್ನೂ ಇಟ್ಕೊಂಡಿದೀಯ? ನಂಗೆ ಕೊಡು ಅಂದಿರ್ಲಿಲ್ವಾ?"

"ತಗೊಂಡ್ ಹೋಗು. ಕುರ್ಚೀನೂ ತಗೊಂಡ್ ಹೋಗು. ನಿಮ್ಮಮ್ಮ ಹೇಗಿದಾಳೆ, ಅದು ಹೇಳು."

ಲೋಸಾ ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಂಡಿ ಹಾಕಿದಳು, ಬಿಚ್ಚಿದಳು.

"ಆಸ್ಪತ್ರೇಲಿದಾಳೆ. ಸ್ನಾನಕ್ಕೆ ನೀರು ಹಾಕೋಕೆ ಹೋಗಿ ನಾನೇ ಕಂಡ್ಹಿಡಿದೆ. ಮುಚ್ಚಿಟ್ಕೊಂಡಿದ್ಲು. ಎಲ್ಲಿ ಏನು ಅಂತ ನಿಂಗ್ ಹೇಳೋ ಹಂಗಿಲ್ಲ, ಗೊತ್ತಲ್ಲ. ಎಲ್ಲಾ ಕಡೆ ಹಬ್ಬಿದೆಯಂತೆ."

ಕೆಲೆಪಿ ನಿಂತೇ ಇದ್ದ.

"ಮಾಮ, ಒಂದ್ ಕೇಳ್ತೀನಿ, ಬೈಬೇಡ. 'ಹಳೆ ಚಾಪೆ' ಅಂತ ಒಂದು ಪ್ರಶ್ನೆ ಬಂದಿತ್ತಲ್ಲ ನಿನ್ ಕಟ್ಟೆಗೆ. ಅದನ್ನ ಓದಿ ಯಾಕ್ ವಾಪಸ್ ಕಳಿಸ್ದೆ?"

ಅವನಿಗೆ ಕೂಡಲೇ ಗೊತ್ತಾಗಲಿಲ್ಲ. ಗೊತ್ತಾದಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಅಮ್ಮಂದು ಅದು," ಅಂದಳು ಲೋಸಾ. "ಅವಳ ಕಟ್ಟೇಲಿ ಕೇಳೋಕೆ ನಾಚಿಕೆ. ಅಲ್ಲಿ ಎಲ್ರಿಗೂ ಉತ್ತರ ಹೇಳೋಳೇ ಅವಳು, ಬರೆಯೋ ಧಾಟೀಲೇ ಕಂಡ್ಹಿಡಿದುಬಿಡ್ತಾರೆ. ಆಸ್ಪತ್ರೇಲಿ ನೋಡಿದ್ರೆ ಚರ್ಚಿನ ಹುಡುಗೀರೇ ನರ್ಸುಗಳು. ಸಾಮಿಯು ಒಬ್ಬನ ಮೇಲೆ ಅವಳಿಗೆ ನಂಬಿಕೆ, ಅಜ್ಜೀನ ನೋಡ್ಕೊಂಡೋನು ಅಂತ. ಅವನು ನಿಮ್ ಕಡೆ ಬಿಟ್ಟು ಬರೋನಲ್ಲ. ಅದಕ್ಕೇ ಅಲ್ಲಿಗೆ ಹಾಕಿದ್ದು. ದಯವಿಟ್ಟು ಇದನ್ನ ಆ ಕಡೆಗೆ ಸಾಗಿಸಬೇಡಿ, ಅಂತ ಕೆಳಗೆ ಬರೆದಿದ್ಲಲ್ಲ ಮಾಮ. ನೀನೇ ತೆಗೆದು ನೋಡೋದು ಅಂತ ಗೊತ್ತಿದ್ದೂ ಬರೆದಿದ್ಲು. ಎಷ್ಟು ಧೈರ್ಯ ಬೇಕು ಅದಕ್ಕೆ! ತಿರುಗಿ ನೋಡಿದ್ರೆ ಅವಳ ಕಟ್ಟೇಲೇ ಬಂದು ಕೂತಿದೆ, ಫುಸಿ ಅತ್ತೆ ಹೆಸರಲ್ಲಿ. ತಮ್ಮ ಪೂರ್ತಿ ಓದಿದಾನೆ, ಓದಿ ಇಲ್ಲಿಯದಲ್ಲ ಅಂತ ತಳ್ಳಿದಾನೆ ಅಂತ ತಿಳ್ಕೊಂಡ್ಲು. ಆವತ್ತಿಂದ ಯಾರಿಗೂ ಏನೂ ಹೇಳ್ಲಿಲ್ಲ, ಮೊನ್ನೆ ಆಸ್ಪತ್ರೇಲಿ ನಂಗೆ ಹೇಳೋವರೆಗೂ."

"ನಾನು ಓದ್ಲಿಲ್ಲ," ಅಂದ ಕೆಲೆಪಿ.

"ಏನು?"

"ಓದ್ಲಿಲ್ಲ ಕಣೇ. ದೇವರಾಣೆ. ಮೊದಲ್ನೇ ಸಾಲಲ್ಲೇ ಕೈ ಅಡ್ಡ ಇಟ್ಟೆ. ಕೆಳಗೆ ಏನಿದೆ ಅಂತ ನೋಡ್ಲೇ ಇಲ್ಲ."

ಲೋಸಾ ಅವನನ್ನೇ ನೋಡಿದಳು. ಮಾವನನ್ನು ಗೋಳು ಹೊಯ್ದುಕೊಳ್ಳುವ ಹುಡುಗಿಯ ಮುಖ ಅದಾಗಿರಲಿಲ್ಲ.

"ಓದ್ದೇನೇ ಕಳಿಸಿದ್ಯಾ?" ಅಂದಳು ಮೆಲ್ಲಗೆ. "ಅದನ್ನ ಹೋಗಿ ಹೇಳ್ಲಾ ಅವಳಿಗೆ? ಹೇಳಿದ್ರೆ ಸಮಾಧಾನ ಆಗುತ್ತಾ ಮಾಮ?"

"ಹೇಳು," ಅಂದ.

ಅವಳು ಹೋಗುವಾಗ ಜಾಕೆಟ್ಟನ್ನು ಕುರ್ಚಿಯ ಮೇಲೇ ಬಿಟ್ಟುಹೋದಳು.

ಸೋಮವಾರ ಅವನು ಸಾಮಿಯುವಿಗೆ ಫೋನು ಮಾಡಿದ. ಆ ಕಡೆಯಿಂದ ಹಂದಿಗಳ ಗಲಾಟೆ ಕೇಳಿಸುತ್ತಿತ್ತು. "ಹೌದಪ್ಪಾ, ನನ್ ಹೆಸರಲ್ಲಿ ಏನೋ ಬಂದಿದೆ ಅಂತ ಫೋನಿಗೆ ಸೂಚನೆ ಬಂದಿತ್ತು, ತಲೆಬರಹ ನೋಡ್ದೆ," ಅಂದ ಸಾಮಿಯು. "ಒಳಗೆ ಹೋದ್ರೆ ಇರ್ಲಿಲ್ಲ. ಹಂದಿ ಸತ್ತೋಗಿರ್ಬೇಕು, ತೆಗೆದುಬಿಟ್ರು ಅನ್ಕೊಂಡೆ. ಯಾಕೆ, ಯಾರ್ದಾಗಿತ್ತು?"

"ಯಾರದೋ," ಅಂದ ಕೆಲೆಪಿ.

ಅಕ್ಕನ ಹತ್ತಿರ ಹೋಗಲು ಅವನಿಗೆ ದಾರಿಯಿರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ಅಕ್ಕನ ಪಕ್ಕದಲ್ಲಿ ತಮ್ಮ ಹೋಗಿ ನಿಲ್ಲುವುದುಂಟೇ? ದಿನಾ ಬಸ್ಸು ಹಿಡಿದು ಹೋಗಿ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಕಿಟಕಿಗಳನ್ನು ನೋಡಿ ಬರುವನು. ಯಾವ ಕಿಟಕಿ ಅಂತ ಲೋಸಾಳನ್ನು ಕೇಳಲಿಲ್ಲ. ಉಳಿದದ್ದು ಗಡಿ ಪುಟ ಒಂದೇ. ಒಂದು ಬೆಳಿಗ್ಗೆ ಅದರ ಮುಂದೆ ಕೂತ. ಕ್ಷಮಿಸು ಅನ್ನುವ ಮಾತು ಅಲ್ಲಿ ಬರೆಯುವಂತಿಲ್ಲ, ಎಲ್ಲರೂ ಓದುವ ಜಾಗ. ಮಧ್ಯಾಹ್ನದವರೆಗೂ ಕೂತು ಹೀಗೆ ಬರೆದ:

"ಚಾಪೆಯ ಕಟ್ಟೆಯವರ ಗಮನಕ್ಕೆ. ಹೆಂಗಸರ ಪ್ರಶ್ನೆಯೇನಾದರೂ ತೋಟದ ಕಟ್ಟೆಗೆ ಬಂದರೆ, ಉತ್ತರ ಸಿಗುವವರೆಗೆ ಅದು ಬಂದಲ್ಲೇ ಇರಲಿ. ಪೂರ್ತಿ ಓದದೆ ಯಾರೂ ಯಾವುದನ್ನೂ ಸಾಗಿಸಬಾರದು. ಓದದೆ ಸಾಗಿಸಿದ್ದುಂಟು. ಅದು ತೋಟದ ಕಟ್ಟೆಯವರ ತಪ್ಪು. ಈ ಬದಲಾವಣೆಗೆ ನಿಮ್ಮ ಒಪ್ಪಿಗೆ ಬೇಕು."

ಒಪ್ಪಿಗೆ ಅಂತ ಒಂದು ಪದ ಬಂದರೆ ಸಾಕಿತ್ತು. ತಾನು ಓದಿ ತಳ್ಳಿದವನಲ್ಲ ಅಂತ ಅಕ್ಕ ನಂಬಿದಳೆಂದು ತಿಳಿದರೆ ಸಾಕಿತ್ತು. ಕೆಸುವಿನ ಪಾತಿಗೆ ಹೋಗಿ ಬಂದು ನೋಡುವನು, ಗಂಡಸರ ಜೊತೆ ಕೂತು ಕಾವಾ ಬೇರಿನ ರಸ ಕುಡಿಯಲು ಹೋದವನು ನಡುವೆ ಎದ್ದು ಬಂದು ನೋಡುವನು.

ಉತ್ತರ ಬಂತು. ಲೋಸಾಳ ಫೋನಿನಿಂದ ಬರೆದಿರಬೇಕು, ಅಕ್ಷರ ಒಂದೆರಡು ಕಡೆ ಬಿಟ್ಟುಹೋಗಿತ್ತು.

"ತೋಟದ ಕಟ್ಟೆಯವರಿಗೆ. ಬೇಡ. ಗಡಿ ಇದ್ದ ಹಾಗೆ ಇರಲಿ."

ಅಷ್ಟೇ. ಅವನು ಅದನ್ನು ಮತ್ತೆ ಮತ್ತೆ ಓದಿದ. ಸಿಟ್ಟಿನಿಂದ ಬರೆದಳೋ, ತನ್ನಿಂದ ಕಟ್ಟು ಮುರಿಯುವುದು ಬೇಡವೆಂದು ಬರೆದಳೋ, ಅಲ್ಲ, ಆಯಾಸದಿಂದ ಇಷ್ಟೇ ಸಾಧ್ಯವಾಯಿತೋ? ಎದುರಿಗೆ ಕೂತು ಮುಖ ನೋಡಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಅಕ್ಕನ ಮುಖವನ್ನು ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತೆಂದೇ ಅವನಿಗೆ ನೆನಪಿರಲಿಲ್ಲ.

ಹೀನಾ ಆ ತಿಂಗಳೇ ತೀರಿಕೊಂಡಳು.

ಅಕ್ಕ ಸತ್ತ ಮನೆಯಲ್ಲಿ ತಮ್ಮನ ಜಾಗ ಹಿತ್ತಿಲಲ್ಲಿ, ಒಲೆಯ ಹತ್ತಿರ. ಮುಂದಿನ ಕೋಣೆಯಲ್ಲಿ ಅವಳನ್ನು ಅವಳೇ ಹೆಣೆದ ನಯವಾದ ಚಾಪೆಗಳ ರಾಶಿಯ ಮೇಲೆ ಮಲಗಿಸಿದ್ದರು, ಹೆಂಗಸರು ಸುತ್ತ ಕೂತು ಹಾಡುತ್ತಿದ್ದರು. ಕೆಲೆಪಿ, ಸತ್ತವರಿಗಿಂತ ಕೆಳಗಿನವರು ಉಡುವಂಥ ಹರಿದ ದೊಡ್ಡ ಚಾಪೆಯೊಂದನ್ನು ಮೊಣಕಾಲಿಗೆ ಬರುವ ಹಾಗೆ ಸೊಂಟಕ್ಕೆ ಸುತ್ತಿಕೊಂಡು ಹಿತ್ತಿಲಲ್ಲಿ ಗುಂಡಿ ತೋಡಿದ, ಕಲ್ಲು ಕಾಯಿಸಿದ, ಹಂದಿ ಇಳಿಸಿದ. ಬಂದವರಿಗೆಲ್ಲ ಊಟ ಆಗಬೇಕು, ಅದು ಅವನ ಪಾಲಿನ ಕೆಲಸ. ಹೆಣದ ಹತ್ತಿರ ಅವನು ಹೋಗುವಂತಿಲ್ಲ. ಒಳಗಿನ ಹಾಡು ನಿಂತಾಗ ಹೊಗೆಯಲ್ಲೇ ತಲೆಯೆತ್ತಿ ಕೇಳುವನು, ಶುರುವಾದರೆ ಮತ್ತೆ ಬಗ್ಗುವನು.

ಲೋಸಾ ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು. ಅತ್ತು ಅತ್ತು ದನಿ ಒಡೆದಿತ್ತು.

"ಊಟ ಎಷ್ಟೊತ್ತಿಗೆ ಅಂತ ಕೇಳ್ತಿದಾರೆ."

"ಇನ್ನು ಸ್ವಲ್ಪ ಹೊತ್ತು. ಲೋಸಾ."

"ಹೂಂ."

"ನೀನು ಹೇಳಿದ್ಯಾ ಅವಳಿಗೆ? ನಾನ್ ಓದ್ಲಿಲ್ಲ ಅಂತ?"

"ಹೇಳಿದೆ."

"ಏನಂದ್ಲು?"

ಸುಳ್ಳು ಹೇಳಬಹುದಿತ್ತು ಲೋಸಾ. ಆದರೆ ಮಾವನ ಹತ್ತಿರ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಏನೂ ಅನ್ಲಿಲ್ಲ ಮಾಮ. ಗೋಡೆ ಕಡೆ ತಿರುಗಿಕೊಂಡ್ಲು."

ಅವನು ತಲೆಯಾಡಿಸಿದ. ಗುಂಡಿಯ ಮೇಲಿನ ಎಲೆಗಳ ನಡುವೆ ಹಬೆ ಹೊರಬರುತ್ತಿದ್ದ ಕಡೆ ಬೊಗಸೆ ಮಣ್ಣು ಹಾಕಿ ತಟ್ಟಿದ. ಲೋಸಾ ಒಳಗೆ ಹೋದಳು.

ಚಾಪೆಯ ಕಟ್ಟೆಯನ್ನು ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಸ್ವಲ್ಪ ದಿನ ಪ್ರಶ್ನೆಗಳು ಬಂದವಂತೆ, ಉತ್ತರವಿಲ್ಲದೆ ಬಿದ್ದಿದ್ದವಂತೆ, ಆಮೇಲೆ ಕೇಳುವವರೂ ನಿಂತರು. ತೋಟದ ಕಟ್ಟೆಯಲ್ಲೂ ಜನ ಕಮ್ಮಿಯಾದರು. ಕೆಲೆಪಿ ಒರಟೊರಟಾಗಿ ಒಂದೊಂದು ಸಾಲು ಉತ್ತರ ಬರೆಯುವನು, ಕೆಲವಕ್ಕೆ ಬರೆಯುವುದೇ ಇಲ್ಲ. "ಏನಣ್ಣಾ, ಕಟ್ಟೆ ಮುಚ್ತೀಯೋ ಹೇಗೆ?" ಅಂತ ಸಾಮಿಯು ಕೇಳಿದ. ಅವನಿಗೂ ಉತ್ತರ ಹೋಗಲಿಲ್ಲ.

ಚಳಿಗಾಲ ಮುಗಿಯುವಾಗ ಸಿಡ್ನಿಯಿಂದ ಯಾರೋ ಒಬ್ಬಳು ದಾರಿ ತಪ್ಪಿ ತೋಟದ ಕಟ್ಟೆಗೆ ಬಂದಳು. ಕೊಯ್ದ ಕೇದಗೆ ಎಲೆಯನ್ನು ಎಷ್ಟು ದಿನ ಉಪ್ಪುನೀರಿನಲ್ಲಿ ನೆನೆಹಾಕಬೇಕು, ಅಜ್ಜಿ ಹೇಳಿಕೊಡುವ ಮೊದಲೇ ಹೋಗಿಬಿಟ್ಟಳು, ಗೊತ್ತಿದ್ದವರು ದಯವಿಟ್ಟು ಹೇಳಿ, ಅಂತ ಕೇಳಿದ್ದಳು.

ಈ ಸಲ ಕೆಲೆಪಿ ಪರದೆಗೆ ಕೈ ಅಡ್ಡ ಹಿಡಿಯಲಿಲ್ಲ. ಪೂರ್ತಿ ಓದಿದ, ಕೆಳಗಿನ ಹೆಸರಿನವರೆಗೂ ಓದಿದ. ಉತ್ತರ ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕನ ಜೊತೆ ಕಡಲಿಗೆ ಹೋಗಿ ಕಲ್ಲು ಹೇರಿ ಬಂದವನು, ಕಲ್ಲು ಹೇರಿದ್ದನ್ನು ಮರೆತು ಆಡಲು ಹೋದವನು, ಅವಳು ಒಬ್ಬಳೇ ಒದ್ದೆ ಎಲೆಯ ಹೊರೆ ಹೊತ್ತು ತರುವುದನ್ನು ದೂರದಿಂದ ನೋಡಿದವನು.

ಬರೆಯಲು ಹೋಗಿ ನಿಲ್ಲಿಸಿದ. ಇದು ಯಾವ ಕಟ್ಟೆಗೆ ಅಂತ ತೀರ್ಮಾನವಾಗಿರಲಿಲ್ಲವಲ್ಲ. ತರುವವರು ನಾವು, ನಮ್ಮದು ಅಂತ ಅಕ್ಕ ಬರೆದಿದ್ದಳು.

ಆಮೇಲೆ ಫುಸಿಯ ಹೆಸರಿನಲ್ಲಿ ಒಳಹೊಕ್ಕು, ಅದನ್ನು ಚಾಪೆಯ ಕಟ್ಟೆಗೆ ಸಾಗಿಸಿದ.